ಸವೆಯದ ವಸ್ತುವಿಗೆ ದಿನವೂ ಗಿರಾಕಿ: ರಿಫೈನರಿ ವೇಗವರ್ಧಕಗಳ ವ್ಯಾಪಾರ

ಪ್ರಶ್ನೆ: ನಾನು ಚಳ್ಳಕೆರೆಯವನು. ತಂದೆಯವರ ಕಾಲದಿಂದ ನಮ್ಮದು ಶೇಂಗಾ ಎಣ್ಣೆಯ ಮಿಲ್ಲು. ಈಗ ಅದು ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಓಡುತ್ತದೆ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ. ಪೆಟ್ರೋಲಿಯಂ ರಿಫೈನರಿಗಳಲ್ಲಿ ಬಳಸುವ ವೇಗವರ್ಧಕಗಳಿಗೆ (ಕ್ಯಾಟಲಿಸ್ಟ್) ಸಾವಿರಾರು ಕೋಟಿ ರೂಪಾಯಿಗಳ ಮಾರುಕಟ್ಟೆ ಇದೆಯೆಂದು ಒಂದು ವರದಿಯಲ್ಲಿ ಓದಿದೆ. ವೇಗವರ್ಧಕವು ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ ಎಂದು ಪಠ್ಯದಲ್ಲಿ ಕಲಿತಿದ್ದೆವು. ಖರ್ಚಾಗದ ವಸ್ತುವನ್ನು ಪ್ರತಿ ವರ್ಷ ಕೊಳ್ಳುವುದೇಕೆ? ಕೊಳ್ಳುವವರು, ಮಾರುವವರು ಯಾರು? ಬಳಸಿ ತೆಗೆದ ಕ್ಯಾಟಲಿಸ್ಟನ್ನು ಅಗ್ಗವಾಗಿ ಕೊಡಿಸುತ್ತೇನೆ, ಅದರಿಂದ ಲೋಹ ತೆಗೆದು ಮಾರಬಹುದು ಎಂದು ಮಧ್ಯವರ್ತಿಯೊಬ್ಬರು ಹೇಳುತ್ತಿದ್ದಾರೆ. ನಮ್ಮ ಮಿಲ್ಲಿನ ಜಾಗದಲ್ಲಿ ಇದನ್ನು ಮಾಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ: ಈಗಿರುವ ಸ್ಥಿತಿಯಲ್ಲಿ ಮಾಡಬೇಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಆದರೆ ನಿಮ್ಮ ಮೊದಲ ಪ್ರಶ್ನೆಯೇ ಹೆಚ್ಚು ತೂಕದ್ದು, ಏಕೆಂದರೆ ಈ ವ್ಯಾಪಾರದ ಗುಟ್ಟೆಲ್ಲ ಅದರಲ್ಲೇ ಅಡಗಿದೆ. ಇಪ್ಪತ್ತಾರು ವರ್ಷ ರಿಫೈನರಿಯ ಪ್ರೋಸೆಸ್ ವಿಭಾಗದಲ್ಲಿ ದುಡಿದು ಈಗ ದಾವಣಗೆರೆಗೆ ಮರಳಿರುವ ನನಗೆ ಇಲ್ಲಿನ ಮಂಡಕ್ಕಿ ಭಟ್ಟಿಗಳೇ ಆ ಪ್ರಶ್ನೆಗೆ ಒಳ್ಳೆಯ ಉತ್ತರವೆಂದು ಅನೇಕ ಸಲ ಅನಿಸಿದೆ.

ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣದಲ್ಲಿ ಅರಳುತ್ತದೆ. ಜರಡಿ ಹಿಡಿದರೆ ಮಂಡಕ್ಕಿ ಮೇಲುಳಿಯುತ್ತದೆ, ಮರಳು ಕೆಳಗಿಳಿದು ಮತ್ತೆ ಬಾಣಲೆ ಸೇರುತ್ತದೆ. ರಿಫೈನರಿಯ ಎಫ್‌ಸಿಸಿ ಘಟಕದಲ್ಲಿ, ಅಂದರೆ ಭಾರದ ಎಣ್ಣೆಯನ್ನು ಒಡೆದು ಪೆಟ್ರೋಲ್ ಮತ್ತು ಅಡುಗೆ ಅನಿಲ ಮಾಡುವ ಘಟಕದಲ್ಲಿ, ನಡೆಯುವುದೂ ಬಹುಮಟ್ಟಿಗೆ ಇದೇ. ಸರಾಸರಿ 70 ಮೈಕ್ರಾನ್ ಗಾತ್ರದ, ಹಿಟ್ಟಿನಂತೆ ನುಣುಪಾದ ಪುಡಿಯು ಸುಮಾರು 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಳಿದು ಬಂದು ಎಣ್ಣೆಯನ್ನು ಸಂಧಿಸುತ್ತದೆ. ಎರಡೂ ಕೂಡಿ ಒಂದು ಎತ್ತರದ ಕೊಳವೆಯಲ್ಲಿ ಎರಡು ಮೂರು ಸೆಕೆಂಡುಗಳಲ್ಲಿ ಮೇಲೇರುವಷ್ಟರಲ್ಲಿ ಎಣ್ಣೆಯ ದೊಡ್ಡ ಅಣುಗಳು ಒಡೆದು ಚಿಕ್ಕವಾಗಿರುತ್ತವೆ. ಜರಡಿಯ ಕೆಲಸವನ್ನು ಇಲ್ಲಿ ಅನಿಲವನ್ನು ಸುಳಿಯಂತೆ ತಿರುಗಿಸಿ ಪುಡಿಯನ್ನು ಬೇರ್ಪಡಿಸುವ ಸೈಕ್ಲೋನ್‌ಗಳು ಮಾಡುತ್ತವೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಮರಳು ಅಕ್ಕಿಗೆ ಶಾಖವನ್ನು ಮಾತ್ರ ಕೊಡುತ್ತದೆ. ಈ ಪುಡಿಯಾದರೋ ಶಾಖದ ಜೊತೆಗೆ ತನ್ನೊಳಗಿನ ಸೂಕ್ಷ್ಮ ರಂಧ್ರಗಳಲ್ಲಿರುವ ಆಮ್ಲೀಯ ತಾಣಗಳಿಂದ ಎಣ್ಣೆಯ ಅಣುವಿನ ಬಂಧವನ್ನೂ ಕಡಿಯುತ್ತದೆ. ಮತ್ತೊಂದು ವ್ಯತ್ಯಾಸವೆಂದರೆ ಭಟ್ಟಿಗೆ ಹೊರಗಿನಿಂದ ಉರಿ ಹಾಕಬೇಕು, ಇಲ್ಲಿ ಒಡೆಯುವಾಗ ಪುಡಿಯ ಮೇಲೆ ಕೂರುವ ಇಂಗಾಲದ ಮಸಿಯನ್ನು ಪಕ್ಕದ ಪಾತ್ರೆಯಲ್ಲಿ ಗಾಳಿ ಊದಿ ಸುಟ್ಟರೆ ಆ ಉರಿಯೇ ಪುಡಿಯನ್ನು ಮತ್ತೆ 700 ಡಿಗ್ರಿಗೆ ಕಾಯಿಸುತ್ತದೆ.

ಈಗ ಲೆಕ್ಕ ನೋಡಿ. ಗಂಟೆಗೆ 250 ಟನ್ ಎಣ್ಣೆಯನ್ನು ಒಡೆಯುವ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಣ್ಣೆಯ ಆರು ಪಟ್ಟು ಪುಡಿ ಸುತ್ತಬೇಕೆಂದರೆ ಗಂಟೆಗೆ 1,500 ಟನ್, ಅಂದರೆ ನಿಮಿಷಕ್ಕೆ 25 ಟನ್ ಪುಡಿ ಹಗಲಿರುಳು ನೀರಿನಂತೆ ಹರಿಯುತ್ತಿರುತ್ತದೆ. ಇಷ್ಟು ರಭಸದಲ್ಲಿ ಕಣಕ್ಕೆ ಕಣ ಉಜ್ಜಿ ಒಂದಿಷ್ಟು ಧೂಳಾಗಿ ಹಾರಿಹೋಗುತ್ತದೆ. ಉಳಿದದ್ದು ಕಣ್ಣಿಗೆ ಹಾಗೆಯೇ ಕಂಡರೂ ಒಳಗೆ ಸಾಯುತ್ತಾ ಬರುತ್ತದೆ: ಮಸಿ ಸುಡುವಲ್ಲಿ ಉಂಟಾಗುವ ಬಿಸಿ ಹಬೆಯು ಪುಡಿಯಲ್ಲಿರುವ ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಹರಳಿನ ಚೌಕಟ್ಟಿನಿಂದ ಅಲ್ಯೂಮಿನಿಯಂ ಅನ್ನು ಕಿತ್ತು ಹಾಕುತ್ತದೆ, ಕಚ್ಚಾತೈಲದ ಜೊತೆಗೆ ಬರುವ ವನೇಡಿಯಂ ಆ ಚೌಕಟ್ಟನ್ನೇ ಕುಸಿಯುವಂತೆ ಮಾಡುತ್ತದೆ, ನಿಕಲ್ ತಾನೇ ಬೇರೊಂದು ವೇಗವರ್ಧಕವಾಗಿ ವರ್ತಿಸಿ ಬೇಡದ ಜಲಜನಕವನ್ನೂ ಮಸಿಯನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಘಟಕವನ್ನು ನಿಲ್ಲಿಸದೆಯೇ ಪ್ರತಿದಿನ ಒಂದಿಷ್ಟು ಹಳೆಯ ಪುಡಿಯನ್ನು ಹೊರತೆಗೆದು ಹೊಸತನ್ನು ಸೇರಿಸುತ್ತಲೇ ಇರಬೇಕಾಗುತ್ತದೆ. ಒಂದು ಟನ್ ಎಣ್ಣೆಗೆ ಅರ್ಧ ಕಿಲೋ ಹೊಸ ಪುಡಿ ಎಂದು ಹಿಡಿದರೂ ನಮ್ಮ ಉದಾಹರಣೆಯ ಘಟಕಕ್ಕೆ ದಿನಕ್ಕೆ 3 ಟನ್, ವರ್ಷಕ್ಕೆ ಸಾವಿರ ಟನ್ ಬೇಕು. ಪಠ್ಯಪುಸ್ತಕ ಹೇಳಿದ್ದು ಸುಳ್ಳಲ್ಲ. ಕ್ರಿಯೆಯ ಸಮೀಕರಣದಲ್ಲಿ ವೇಗವರ್ಧಕ ಖರ್ಚಾಗುವುದಿಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಮುಪ್ಪು ಬರುತ್ತದೆ, ಅಷ್ಟೇ.

ನಿಮ್ಮ ಕಸುಬಿಗೆ ಹತ್ತಿರದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಖಾದ್ಯ ತೈಲದ ಬಣ್ಣ ತೆಗೆಯಲು ರಿಫೈಂಡ್ ಎಣ್ಣೆಯವರು ಬಳಸುವ, ಆಮ್ಲದಲ್ಲಿ ಸಂಸ್ಕರಿಸಿದ ಬ್ಲೀಚಿಂಗ್ ಮಣ್ಣನ್ನು ನೀವು ನೋಡಿಯೇ ಇರುತ್ತೀರಿ. ಪೆಟ್ರೋಲಿಯಂ ಒಡೆಯುವ ವೇಗವರ್ಧಕದ ಮುತ್ತಜ್ಜ ಆ ಜಾತಿಯ ಜೇಡಿಮಣ್ಣೇ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯೂಜೀನ್ ಹೌಡ್ರಿ ಎಂಬ ಎಂಜಿನಿಯರು ಅಂಥ ಮಣ್ಣನ್ನು ಬಳಸಿ ತಮ್ಮ ವಿಧಾನವನ್ನು ಬೆಳೆಸಿದರು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಸನ್ ಆಯಿಲ್ ಕಂಪನಿಯ ದೊಡ್ಡ ಘಟಕ ಅದರಂತೆ ನಡೆಯತೊಡಗಿತು. ಪುಡಿಯನ್ನೇ ಹರಿಯಿಸುವ ಮೊದಲ ಎಫ್‌ಸಿಸಿ ಘಟಕ 1942ರಲ್ಲಿ, ಯುದ್ಧದ ನಡುವೆ, ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಆರಂಭವಾಯಿತು. 1960ರ ದಶಕದಲ್ಲಿ ಜಿಯೋಲೈಟ್ ಬಂದ ಮೇಲೆ ಮಣ್ಣಿನ ಪಾತ್ರವು ಪುಡಿಗೆ ಮೈಕಟ್ಟು ಕೊಡುವುದಕ್ಕೆ ಇಳಿಯಿತು. ಮಣ್ಣನ್ನು ಮಾರುವವರು ಅನೇಕರಿದ್ದರು, ಹರಳನ್ನು ಬೆಳೆಸಬಲ್ಲವರು ಕೆಲವರೇ ಆದರು. ಈ ವ್ಯಾಪಾರ ಬೆರಳೆಣಿಕೆಯ ಕಂಪನಿಗಳ ಕೈ ಸೇರಿದ್ದು ಹೀಗೆ ಎಂಬುದು ನನ್ನ ಅಭಿಪ್ರಾಯ. ಇಂದು ಎಫ್‌ಸಿಸಿ ಪುಡಿಯಲ್ಲಿ ಗ್ರೇಸ್, ಅಲ್ಬಮಾರ್ಲ್‌ನ ಹೊಟ್ಟೆಯಿಂದ ಬಂದ ಕೆಟ್‌ಜೆನ್, ಬಿಎಎಸ್‌ಎಫ್, ಚೀನಾದ ಸೈನೋಪೆಕ್ ಮುಖ್ಯ ಹೆಸರುಗಳು.

ಎಲ್ಲ ವೇಗವರ್ಧಕಗಳೂ ಹೀಗೆ ದಿನಗೂಲಿಯಂತೆ ಮಾರಾಟವಾಗುವುದಿಲ್ಲ. ಡೀಸೆಲ್ಲಿನಿಂದ ಗಂಧಕ ತೆಗೆಯುವ ವೇಗವರ್ಧಕವು ಅಲ್ಯೂಮಿನಾದ ಸಣ್ಣ ಕಡ್ಡಿಗಳ ಮೇಲೆ ಮಾಲಿಬ್ಡಿನಂ ಜೊತೆಗೆ ಕೋಬಾಲ್ಟ್ ಅಥವಾ ನಿಕಲ್ ಲೇಪಿಸಿದ ವಸ್ತು. ಇದನ್ನು ದೊಡ್ಡ ರಿಯಾಕ್ಟರಿಗೆ ಒಮ್ಮೆಗೇ ನೂರಾರು ಟನ್ ತುಂಬಿದರೆ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಓಡುತ್ತದೆ. ಮುಂದಿನ ಖರೀದಿ ರಿಫೈನರಿ ದೊಡ್ಡ ದುರಸ್ತಿಗೆ ನಿಲ್ಲುವಾಗ. ಹಾಗಾಗಿ ಈ ಮಾರುಕಟ್ಟೆ ಮಳೆಯಾಶ್ರಿತ ಬೇಸಾಯದಂತೆ ಒಂದು ವರ್ಷ ಹೊಳೆ, ಮರುವರ್ಷ ಬರ. ನಮ್ಮ ದೇಶದಲ್ಲಿ ಇದಕ್ಕೆ ಹೊಳೆ ಬಂದದ್ದು ಸರ್ಕಾರದ ನಿಯಮದಿಂದ. ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮದ 3ನೆಯ ಹಂತದ ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ 350 ಭಾಗ ಗಂಧಕವಿರಬಹುದಿತ್ತು. ಸ್ಟೇಜ್ 4ರಲ್ಲಿ ಅದು 50ಕ್ಕೆ ಇಳಿಯಿತು. ಐದನೆಯದನ್ನು ಹಾರಿ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಸ್ಟೇಜ್ 6ರಲ್ಲಿ ಕೇವಲ 10. ಹೆದ್ದಾರಿ 48ರಲ್ಲಿ ಚಿತ್ರದುರ್ಗ ದಾಟುವ ಲಾರಿಯ ಟ್ಯಾಂಕಿನಲ್ಲಿರುವುದು ಈ ಡೀಸೆಲ್ಲೇ.

350ರಿಂದ 50ಕ್ಕೆ ಇಳಿಸುವುದಕ್ಕಿಂತ 50ರಿಂದ 10ಕ್ಕೆ ಇಳಿಸುವುದು ಕಷ್ಟ ಎಂದರೆ ಹಲವರು ನಂಬುವುದಿಲ್ಲ. ಮೊದಲು ಹೋಗುವ ಗಂಧಕ ಸುಲಭವಾಗಿ ಕೈಗೆ ಸಿಗುವಂಥದ್ದು. ಕೊನೆಗೆ ಉಳಿಯುವುದು ಡೈಬೆಂಜೋಥಯೋಫೀನ್ ಕುಟುಂಬದ ಕೆಲವು ಅಣುಗಳಲ್ಲಿ, ಎರಡು ಬದಿಗೂ ಮಿಥೈಲ್ ಗುಂಪುಗಳು ಕಾವಲು ನಿಂತಂತೆ ಅವುಗಳ ನಡುವೆ ಅಡಗಿರುವ ಗಂಧಕ. ವೇಗವರ್ಧಕದ ಮೇಲ್ಮೈ ಅದನ್ನು ಮುಟ್ಟಲಾಗದು. ಮೊದಲು ಪಕ್ಕದ ಉಂಗುರಕ್ಕೆ ಜಲಜನಕ ಸೇರಿಸಿ ಅಣುವನ್ನು ಬಾಗಿಸಿ, ಆಮೇಲೆ ಗಂಧಕವನ್ನು ಕೀಳಬೇಕು. ಈ ಕೆಲಸಕ್ಕೆ ನಿಕಲ್ ಇರುವ ಜಾತಿ ಹೆಚ್ಚು ಸಮರ್ಥ, ಆದರೆ ಅದು ಜಲಜನಕವನ್ನು ಹೆಚ್ಚು ತಿನ್ನುತ್ತದೆ, ಜಲಜನಕ ದುಬಾರಿ. ಆದ್ದರಿಂದ ಯಾವ ರಿಯಾಕ್ಟರಿನಲ್ಲಿ ಯಾವ ಪದರಕ್ಕೆ ಯಾವ ಜಾತಿ ಎಂಬುದನ್ನು ಆಯಾ ರಿಫೈನರಿಯ ಕಚ್ಚಾತೈಲ ಮತ್ತು ಒತ್ತಡಕ್ಕೆ ತಕ್ಕಂತೆ ನಿರ್ಧರಿಸುತ್ತಾರೆ. ಡೆನ್ಮಾರ್ಕಿನ ಟಾಪ್ಸೋ, ಶೆಲ್, ಫ್ರಾನ್ಸಿನ ಆಕ್ಸೆನ್ಸ್, ಗ್ರೇಸ್ ಮತ್ತು ಶೆವ್ರಾನ್ ಸೇರಿ ಕಟ್ಟಿದ ಎಆರ್‌ಟಿ ಮುಂತಾದವರು ಮಾರುವುದು ಬರಿಯ ಕಡ್ಡಿಗಳನ್ನಲ್ಲ, ಈ ನಿರ್ಧಾರದ ಹಿಂದಿನ ಲೆಕ್ಕಾಚಾರವನ್ನು.

ಮೂರನೆಯ ಬಗೆ ಪ್ಲಾಟಿನಂ ಇರುವ ರಿಫಾರ್ಮಿಂಗ್ ವೇಗವರ್ಧಕ. ಅಮೆರಿಕದ ಯುಒಪಿ ಸಂಸ್ಥೆಯಲ್ಲಿ ವ್ಲಾಡಿಮಿರ್ ಹೇನ್ಸೆಲ್ ರೂಪಿಸಿದ ವಿಧಾನ 1949ರಲ್ಲಿ ಬಳಕೆಗೆ ಬಂತು. ಪೆಟ್ರೋಲಿನ ಆಕ್ಟೇನ್, ಅಂದರೆ ಎಂಜಿನ್ನಿನಲ್ಲಿ ಬಡಿತವಿಲ್ಲದೆ ಉರಿಯುವ ಗುಣವನ್ನು, ಏರಿಸುವುದು ಇದರ ಕೆಲಸ. ನೂರು ಕಿಲೋದಲ್ಲಿ ಪ್ಲಾಟಿನಂ ಸುಮಾರು 300 ಗ್ರಾಂ ಮಾತ್ರ, ಆದರೂ ಬೆಲೆಯ ಬಹುಪಾಲು ಅದರದ್ದೇ. ಇಲ್ಲಿನ ವ್ಯವಹಾರ ಅಕ್ಕಸಾಲಿಗರ ಅಂಗಡಿಯದನ್ನು ಹೋಲುತ್ತದೆ: ಲೋಹ ರಿಫೈನರಿಯದ್ದೇ ಆಗಿರುತ್ತದೆ ಅಥವಾ ಬಾಡಿಗೆಗೆ ತಂದದ್ದಾಗಿರುತ್ತದೆ, ತಯಾರಕನಿಗೆ ಸಲ್ಲುವುದು ಮಜೂರಿ. ವೇಗವರ್ಧಕದ ಆಯುಸ್ಸು ಮುಗಿದ ಮೇಲೆ ಎರಡೂ ಕಡೆಯವರ ಎದುರಿನಲ್ಲಿ ಮಾದರಿ ತೆಗೆದು, ಪರೀಕ್ಷಿಸಿ, ಗ್ರಾಂ ಲೆಕ್ಕದಲ್ಲಿ ಲೋಹವನ್ನು ಮರಳಿಸುತ್ತಾರೆ.

ನೀವು ಓದಿದ ವರದಿಯ ‘ಸಾವಿರಾರು ಕೋಟಿ’ಯನ್ನು ನಾನು ಸುಮ್ಮನೆ ಒಪ್ಪದಿರುವುದು ಇದಕ್ಕಾಗಿಯೇ. ಪ್ಲಾಟಿನಂ ಬೆಲೆಯನ್ನು ಸೇರಿಸಿ ಎಣಿಸಿದರೆ ಒಂದು ಮೊತ್ತ, ಮಜೂರಿಯನ್ನಷ್ಟೇ ಎಣಿಸಿದರೆ ಬೇರೊಂದು. ಚಿಕ್ಕ ಅನಿಲ ಅಣುಗಳನ್ನು ಬೆಸೆದು ಪೆಟ್ರೋಲಿಗೆ ಬೆರೆಸುವ ದ್ರವ ಮಾಡುವ ಆಲ್ಕಿಲೇಶನ್ ಘಟಕಗಳು ಬಳಸುವ ಗಂಧಕಾಮ್ಲವೂ ಶಾಸ್ತ್ರದ ಪ್ರಕಾರ ವೇಗವರ್ಧಕವೇ. ಅದನ್ನು ಸೇರಿಸಿದರೆ ತೂಕದ ಅಂಕಿ ಎಲ್ಲಿಂದೆಲ್ಲಿಗೋ ಹೋಗುತ್ತದೆ. ವರದಿ ಮಾರುವವರು ಇದನ್ನು ಅಡಿಟಿಪ್ಪಣಿಯಲ್ಲಿ ಹೇಳಿದರೆ ಪುಣ್ಯ.

ಕೊಳ್ಳುವವರ ವಿಷಯಕ್ಕೆ ಬರೋಣ. ಭಾರತದ ರಿಫೈನರಿಗಳ ಒಟ್ಟು ಸಾಮರ್ಥ್ಯ ವರ್ಷಕ್ಕೆ 25 ಕೋಟಿ ಟನ್ನನ್ನು ದಾಟಿದೆ. ನಮಗೆ ಹತ್ತಿರದ್ದು ಮಂಗಳೂರಿನ ಎಂಆರ್‌ಪಿಎಲ್, ಅದರ ಸಾಮರ್ಥ್ಯ 1.5 ಕೋಟಿ ಟನ್; ಜಾಮ್‌ನಗರದ ರಿಲಯನ್ಸ್ ಸಂಕೀರ್ಣ ಒಂದೇ ಸ್ಥಳದಲ್ಲಿ ಜಗತ್ತಿನಲ್ಲೇ ದೊಡ್ಡದು. ಇಂಡಿಯನ್ ಆಯಿಲ್‌ನ ಫರೀದಾಬಾದ್ ಸಂಶೋಧನಾ ಕೇಂದ್ರವು ಭಾರದ ಎಣ್ಣೆಯಿಂದ ಅಡುಗೆ ಅನಿಲವನ್ನು ಹೆಚ್ಚು ತೆಗೆಯುವ ‘ಇಂಡ್‌ಮ್ಯಾಕ್ಸ್’ ಎಂಬ ತನ್ನದೇ ವಿಧಾನವನ್ನು ರೂಪಿಸಿದೆ, ಪಾರಾದೀಪ್‌ನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ; ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯೂ ಬೆಂಗಳೂರಿನ ಹೊರವಲಯದಲ್ಲಿರುವ ಹಿಂದೂಸ್ತಾನ್ ಪೆಟ್ರೋಲಿಯಂನ ಸಂಶೋಧನಾ ಕೇಂದ್ರವೂ ವೇಗವರ್ಧಕಗಳ ಮೇಲೆ ಕೆಲಸ ಮಾಡುತ್ತಿವೆ. ಆದರೂ ದೊಡ್ಡ ಟೆಂಡರುಗಳಲ್ಲಿ ವಿದೇಶಿ ಹೆಸರುಗಳೇ ಹೆಚ್ಚು. ಇದಕ್ಕೆ ಕಾರಣ ಪರದೇಶದ ಮೋಹವೆಂದು ತಿಳಿಯಬೇಡಿ. ಮೇಲಿನ ಉದಾಹರಣೆಯ ಘಟಕ ದಿನಕ್ಕೆ 6,000 ಟನ್ ಎಣ್ಣೆ ಒಡೆಯುತ್ತದೆ. ಒಳ್ಳೆಯ ಪುಡಿಯಿಂದ ಪೆಟ್ರೋಲಿನ ಪಾಲು ಶೇಕಡಾ 1ರಷ್ಟು ಹೆಚ್ಚಿದರೆ ದಿನಕ್ಕೆ 60 ಟನ್ ಹೆಚ್ಚು ಪೆಟ್ರೋಲ್. ಅದರೆದುರು ಮೂರು ಟನ್ ಪುಡಿಯ ದರದಲ್ಲಿ ಉಳಿಸುವ ಚಿಲ್ಲರೆ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದಲೇ ಟೆಂಡರಿನಲ್ಲಿ ಕಿಲೋ ದರಕ್ಕಿಂತ ಮೊದಲು, ಈ ಪುಡಿ ಇಂಥ ಘಟಕದಲ್ಲಿ ಇಷ್ಟು ಕಾಲ ಓಡಿ ಇಂಥ ಫಲ ಕೊಟ್ಟಿದೆ ಎಂಬ ದಾಖಲೆ ಕೇಳುತ್ತಾರೆ. ಓಡಿಸದೆ ದಾಖಲೆಯಿಲ್ಲ, ದಾಖಲೆಯಿಲ್ಲದೆ ಓಡಿಸುವವರಿಲ್ಲ. ಹೊಸಬರು ಸಿಕ್ಕಿಕೊಳ್ಳುವುದು ಇಲ್ಲೇ.

ರಿಫೈನರಿಯವರ ಅಂಜಿಕೆಗೆ ಕಾರಣವನ್ನು ನಾನು ಸ್ವತಃ ಅನುಭವಿಸಿದ್ದೇನೆ. ನಾನಿದ್ದ ಒಂದು ಕಡೆ, ಹೆಸರು ಬೇಡ, ದರ ಕಡಿಮೆಯೆಂದು ಹೊಸ ಪುಡಿಯೊಂದನ್ನು ತರಿಸಿದರು. ಪ್ರಯೋಗಾಲಯದಲ್ಲಿ ಅದರ ಚಟುವಟಿಕೆ ಚೆನ್ನಾಗಿಯೇ ಇತ್ತು, ಆದರೆ ಕಣ ಮೆದು. ಮೂರನೆಯ ವಾರದ ಹೊತ್ತಿಗೆ ಅದು ನುಚ್ಚಾಗಿ ಸೈಕ್ಲೋನಿಗೂ ಸಿಗದೆ ಚಿಮಣಿಯಿಂದ ಬೂದುಬಣ್ಣದ ಹೊಗೆಯಾಗಿ ಹೊರಬರತೊಡಗಿತು, ಘಟಕದ ತಳದ ಎಣ್ಣೆಯಲ್ಲಿ ಬೂದಿ ಏರಿ ಪಂಪುಗಳೊಳಗೆ ತಿರುಗುವ ಚಕ್ರ (ಇಂಪೆಲ್ಲರ್) ಸವೆಯಿತು, ಪುಡಿಯ ಮಟ್ಟ ಉಳಿಸಿಕೊಳ್ಳಲು ದಿನಕ್ಕೆ ಎರಡು ಪಟ್ಟು ಹೊಸದನ್ನು ಸುರಿಯಬೇಕಾಯಿತು. ಕಿಲೋಗೆ ಉಳಿಸಿದ್ದು ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ.

ಬೆಲೆ ಬೇರೆ ದಿಕ್ಕಿನಿಂದಲೂ ಅಲುಗುತ್ತದೆ. ಎಫ್‌ಸಿಸಿ ಪುಡಿಯ ಜಿಯೋಲೈಟ್ ಬಿಸಿಗೆ ತಡೆದು ನಿಲ್ಲಲು ಲ್ಯಾಂಥನಂ ಎಂಬ ವಿರಳ ಭಸ್ಮ ಧಾತುವನ್ನು ಸೇರಿಸುತ್ತಾರೆ. 2010ರಲ್ಲಿ ಚೀನಾ ತನ್ನ ರಫ್ತು ಪಾಲನ್ನು ಕಡಿತಗೊಳಿಸಿದಾಗ ಒಂದೇ ವರ್ಷದೊಳಗೆ ಲ್ಯಾಂಥನಂ ಆಕ್ಸೈಡಿನ ಬೆಲೆ ಹತ್ತು ಪಟ್ಟಿಗೂ ಮೀರಿ ಏರಿತು. ಪುಡಿ ಮಾರುವವರು ಬಿಲ್ಲಿನಲ್ಲಿ ಪ್ರತ್ಯೇಕ ಹೆಚ್ಚುವರಿ ದರ ವಿಧಿಸಿದರು. ರಿಫೈನರಿಗಳು ಲ್ಯಾಂಥನಂ ಕಡಿಮೆ ಇರುವ ಪುಡಿಗಳನ್ನು ಬೇಡತೊಡಗಿದವು, ಪೆಟ್ರೋಲಿನ ಪಾಲು ಕೊಂಚ ಕುಸಿದರೂ ಸಹಿಸಿಕೊಂಡವು. ಅದರ ಮರುವರ್ಷಗಳಲ್ಲಿ ಬೆಲೆ ಇಳಿಯಿತು, ಆದರೆ ಖರೀದಿ ಒಪ್ಪಂದಗಳಲ್ಲಿ ಲೋಹದ ಬೆಲೆಯ ಷರತ್ತನ್ನು ಓದದೆ ಸಹಿ ಮಾಡುವ ಅಭ್ಯಾಸ ಅಲ್ಲಿಗೇ ಮುಗಿಯಿತು.

ವಿದ್ಯುತ್ ವಾಹನಗಳು ಬಂದರೆ ಈ ವ್ಯಾಪಾರ ಮುಳುಗುವುದಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಕೇಳುವಿರಿ. ಪೆಟ್ರೋಲಿಗೆ ಬೇಡಿಕೆ ತಗ್ಗುವ ಕಡೆಗಳಲ್ಲಿ ಅದೇ ಎಫ್‌ಸಿಸಿ ಘಟಕಕ್ಕೆ ಜಡ್‌ಎಸ್‌ಎಂ-5 ಎಂಬ ಕಿರಿದಾದ ರಂಧ್ರಗಳ ಜಿಯೋಲೈಟ್ ಬೆರೆಸಿ ಪೆಟ್ರೋಲಿನ ಬದಲು ಪ್ರೊಪಿಲಿನ್ ಹೆಚ್ಚು ತೆಗೆಯುತ್ತಾರೆ. ಆ ಪ್ರೊಪಿಲಿನ್ನೇ ಪಾಲಿಪ್ರೊಪಿಲಿನ್ ಆಗಿ ಇಂದು ನಮ್ಮ ಮಂಡಿಗಳಲ್ಲಿ ಮೆಕ್ಕೆಜೋಳ ತುಂಬುವ ಪ್ಲಾಸ್ಟಿಕ್ ಚೀಲವಾಗಿದೆ. ಪುಡಿಗೆ ಸದ್ಯಕ್ಕೆ ಕೆಲಸ ತಪ್ಪದು.

ಇನ್ನು ನಿಮ್ಮ ಮಧ್ಯವರ್ತಿಯ ಮಾತು. ಬಳಸಿ ತೆಗೆದ ವೇಗವರ್ಧಕದಲ್ಲಿ ಮಾಲಿಬ್ಡಿನಂ, ವನೇಡಿಯಂ, ನಿಕಲ್, ಕೋಬಾಲ್ಟ್ ಇರುವುದು ನಿಜ, ಅವುಗಳನ್ನು ಹಿಂಪಡೆಯುವ ಉದ್ಯಮಗಳಿರುವುದೂ ನಿಜ. ಆದರೆ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳಲ್ಲಿ ರಿಫೈನರಿಯ ಬಳಸಿದ ವೇಗವರ್ಧಕವನ್ನು ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದ್ದಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಇಲ್ಲದವರು ಅದನ್ನು ಕೊಳ್ಳುವಂತಿಲ್ಲ, ಸಂಗ್ರಹಿಸುವಂತಿಲ್ಲ; ಅಧಿಕಾರಪತ್ರ ಇಲ್ಲದವರಿಗೆ ರಿಫೈನರಿ ಮಾರುವಂತೆಯೂ ಇಲ್ಲ. ಕಾಗದದ ಮಾತು ಹಾಗಿರಲಿ, ವಸ್ತುವೇ ಕ್ರೂರ. ಗಂಧಕ ತೆಗೆಯುವ ರಿಯಾಕ್ಟರಿನಿಂದ ಬಂದ ಕಡ್ಡಿಗಳ ಮೇಲೆ ಲೋಹದ ಸಲ್ಫೈಡುಗಳೂ ಎಣ್ಣೆಯೂ ಇರುತ್ತವೆ. ಗಾಳಿ ತಗುಲಿದರೆ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು, ಗಂಧಕದ ವಿಷಾನಿಲ ಬಿಡಬಲ್ಲದು. ನಿಕಲ್ ಸಂಯುಕ್ತಗಳ ಧೂಳು ಕ್ಯಾನ್ಸರಿಗೆ ಕಾರಣವೆಂದು ಸ್ಥಾಪಿತವಾಗಿದೆ. ಶೇಂಗಾ ಸಿಪ್ಪೆ, ಹಿಂಡಿ, ಎಣ್ಣೆ ಇರುವ ಮಿಲ್ಲಿನ ಆವರಣದಲ್ಲಿ ಇಂಥದ್ದನ್ನು ಡ್ರಮ್ಮುಗಳಲ್ಲಿ ಇಟ್ಟುಕೊಳ್ಳುವುದನ್ನು ನಾನು ಊಹಿಸಲೂ ಸಿದ್ಧನಿಲ್ಲ. ಲೋಹ ತೆಗೆದ ಮೇಲೆ ಉಳಿಯುವ ಆಮ್ಲದ ಇಲ್ಲವೇ ಕ್ಷಾರದ ನೀರನ್ನು ಚಳ್ಳಕೆರೆಯಂಥ ಅಂತರ್ಜಲ ಕುಸಿದ ಊರಿನಲ್ಲಿ ಎಲ್ಲಿಗೆ ಬಿಡುವಿರಿ? ಎಫ್‌ಸಿಸಿ ಪುಡಿಯೇ ಬೇರೆ: ಅದರಲ್ಲಿ ಲೋಹ ಕಡಿಮೆ, ಬಹಳಷ್ಟು ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ, ಇನ್ನೂ ಜೀವವಿರುವ ಹಳೆಯ ಪುಡಿಯನ್ನು ಹೊಸ ಘಟಕ ಆರಂಭಿಸುವವರು ಕೊಳ್ಳುತ್ತಾರೆ, ಆದರೆ ಅದು ರಿಫೈನರಿಯಿಂದ ರಿಫೈನರಿಗೆ ನಡೆಯುವ ವ್ಯವಹಾರ. ಆ ಮಧ್ಯವರ್ತಿಯು ಸರಕು ಯಾವ ಘಟಕದ್ದೆಂದು, ಅದರ ಲೋಹ ವಿಶ್ಲೇಷಣೆ ಏನೆಂದು ಬರಹದಲ್ಲಿ ಕೊಡಬಲ್ಲರೇ, ಅವರ ಬಳಿ ಮಂಡಳಿಯ ಅಧಿಕಾರಪತ್ರವಿದೆಯೇ ಎಂದು ಕೇಳಿ ನೋಡಿ. ಮುಂಗಡ ಕೇಳುವುದಕ್ಕೆ ಮೊದಲು ಅವರು ಇವನ್ನು ತೋರಿಸಲಿ.

ನಿಮ್ಮಂಥವರಿಗೆ ಈ ವ್ಯಾಪಾರದ ಬಾಗಿಲು ಪೂರಾ ಮುಚ್ಚಿದೆಯೇ ಎಂದರೆ, ವೇಗವರ್ಧಕದ ಬಾಗಿಲು ಮುಚ್ಚಿದೆ, ಅದರ ಅಕ್ಕಪಕ್ಕದ್ದು ಅಷ್ಟಾಗಿ ಅಲ್ಲ. ಪ್ರತಿ ರಿಯಾಕ್ಟರಿನಲ್ಲಿ ವೇಗವರ್ಧಕದ ಕೆಳಗೂ ಮೇಲೂ ಪಿಂಗಾಣಿಯ ಗುಂಡುಗಳನ್ನು ಹಾಸುತ್ತಾರೆ: ಕೆಳಗಿನವು ಭಾರ ಹೊರಲು, ಮೇಲಿನವು ಎಣ್ಣೆಯ ರಭಸ ತಡೆಯಲು. ಕಾಲಿಂಚಿನಿಂದ ಒಂದೂವರೆ ಇಂಚಿನವರೆಗಿನ ಗಾತ್ರದ ಈ ಗುಂಡುಗಳು ಯಾವ ಕ್ರಿಯೆಯಲ್ಲೂ ಭಾಗವಹಿಸುವುದಿಲ್ಲ, ಅವುಗಳಿಗೆ ಪೇಟೆಂಟಿನ ರಹಸ್ಯವೂ ಇಲ್ಲ, ಪ್ರತಿ ಬಾರಿ ವೇಗವರ್ಧಕ ಬದಲಿಸುವಾಗ ಬಹುಪಾಲು ಹೊಸತೇ ಬೇಕು. ಸಾಮಾನ್ಯ ಗಂಧಕ ತೆಗೆಯುವ ಘಟಕಗಳಿಗೆ ಅಲ್ಯೂಮಿನಾ ಕಾಲು ಭಾಗದ ಆಸುಪಾಸಿನಲ್ಲಿರುವ ಗುಂಡು ಸಾಕು; ಹೆಚ್ಚು ಬಿಸಿಯ ಹಬೆ ಇರುವ ಜಲಜನಕ ಘಟಕಗಳಿಗೆ ಶೇಕಡಾ 99ರ ಅಲ್ಯೂಮಿನಾ ಬೇಕು, ಏಕೆಂದರೆ ಅಲ್ಲಿ ಸಿಲಿಕಾ ಹಬೆಯಲ್ಲಿ ಕರಗಿ ಹೋಗಿ ಮುಂದಿನ ಯಂತ್ರಗಳ ಮೇಲೆ ಕಟ್ಟಿಕೊಳ್ಳುತ್ತದೆ. ಪಿಂಗಾಣಿ ಕೆಲಸ ಬಲ್ಲವರ ಜೊತೆ ಸೇರಿ ಮೊದಲ ಬಗೆಯದನ್ನು ಮಾಡಬಹುದು. ಕೊಳ್ಳುವವರು ನೋಡುವುದು ಗುಂಡು ಎಷ್ಟು ಭಾರಕ್ಕೆ ಒಡೆಯುತ್ತದೆ, ಎಷ್ಟು ನೀರು ಹೀರುತ್ತದೆ, ಒತ್ತಡದಲ್ಲಿಟ್ಟು ಥಟ್ಟನೆ ಬಿಟ್ಟರೆ ಬಿರುಕು ಬಿಡುತ್ತದೆಯೇ ಎಂಬುದನ್ನು. ಮೊದಲೆರಡು ಪರೀಕ್ಷೆಗಳನ್ನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಿಸಬಹುದು. ಮೂರನೆಯದಕ್ಕೆ ಒತ್ತಡ ತಡೆಯುವ ಒಂದು ಚಿಕ್ಕ ಪಾತ್ರೆಯನ್ನು ನೀವೇ ಮಾಡಿಸಿಕೊಳ್ಳಬೇಕಾಗುತ್ತದೆ.